ಕಾಫಿ ಪುಡಿಯ ಕೈ

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಹಲ್ಲು ಉಬ್ಬಿದ್ದಕ್ಕಲ್ಲ, ಅವಳ ಹಲ್ಲು ಸಾಲಾಗಿ ಚೆನ್ನಾಗಿಯೇ ಇದ್ದವು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳು ಕೆಲಸಕ್ಕಿದ್ದಳು. ಯಾರದೋ ಬಾಯಿಯ ಅಚ್ಚು ರಬ್ಬರಿನಲ್ಲಿ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ಹೊಯ್ದು ಒಸಡು, ದವಡೆ ಎಬ್ಬಿಸಿ, ಖಾಲಿ ಜಾಗಕ್ಕೆ ಹಲ್ಲು ಕೂರಿಸುತ್ತಿದ್ದಳು. ಆ ಬಾಯಿಗಳ ಯಜಮಾನರಲ್ಲಿ ಒಬ್ಬರನ್ನೂ ಅವಳು ಕಂಡವಳಲ್ಲ.

"ಊರ ಬಾಯಿ ಮುಚ್ಚಿಸೋಕಾಗಲ್ಲ ಅಂತಾರೆ. ನನ್ನ ತಂಗಿ ನೋಡಿ, ತುಂಬಿಸ್ತಾಳೆ" ಎಂದು ಅವಳ ಅಣ್ಣ ಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋಗಿ ಬಹಳ ಕಾಲವಾಗಿತ್ತು. ಮದುವೆಯ ಮಾತು ಇಬ್ಬರಿಗೂ ಬಂದು ಬಂದು, ಕೊನೆಗೆ ಬರುವುದನ್ನೇ ಬಿಟ್ಟಿತ್ತು. ಅಣ್ಣ ಪುಸ್ತಕ ಕಟ್ಟುವ ಬೈಂಡಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ. ಒಂದು ಮಧ್ಯಾಹ್ನ ಆ ಯಂತ್ರದ ಅಲಗು ಅವನ ಎಡಗೈಯನ್ನು ಮಣಿಕಟ್ಟಿನ ಮೇಲಿನಿಂದ ಕತ್ತರಿಸಿಕೊಂಡು ಹೋಯಿತು.

ಆಸ್ಪತ್ರೆಯಿಂದ ಬಂದವನು ಬಾಗಿಲಲ್ಲೇ ನಿಂತು, "ಇನ್ಮೇಲೆ ಪಾತ್ರೆ ತೊಳೆಯೋ ಸರದಿ ಪೂರ್ತಿ ನಿಂದೇ, ತಪ್ಪಿಸ್ಕೊಳ್ಳೋಕೆ ನೋಡ್ಬೇಡ" ಅಂದ. ಪ್ರೆಸ್ಸಿನವರು ಅವನನ್ನು ಗಿರಾಕಿಗಳ ಆರ್ಡರ್ ಬರೆದುಕೊಳ್ಳುವ ಕೌಂಟರಿಗೆ ಹಾಕಿದರು. ಅಲ್ಲೂ ಅವನು ನಗಿಸುತ್ತಲೇ ಇದ್ದ.

ಮನೆಯೊಳಗೆ ಮಾತ್ರ ಹಲ್ಲಕ್ಕನಿಗೆ ಬೇರೆಯೇ ಕಾಣುತ್ತಿತ್ತು. ಬ್ರೆಡ್ಡನ್ನು ಗಲ್ಲದಡಿ ಒತ್ತಿ ಹಿಡಿದು ಕೊಯ್ಯುವುದು, ಬಾಟಲಿಯನ್ನು ಮೊಣಕಾಲ ನಡುವೆ ಸಿಗಿಸಿ ಮುಚ್ಚಳ ತಿರುಗಿಸುವುದು, ಬಲಗೈಯ ಉಗುರು ಕತ್ತರಿಸಲಾಗದೆ ಕಿಟಕಿಯ ಕಲ್ಲಿಗೆ ಉಜ್ಜುವುದು. ಅವಳು ಕೈ ಚಾಚಿದರೆ, "ಏನು, ಕೈಲಾಗದವನು ಅಂದ್ಕೊಂಡ್ಯಾ?" ಅನ್ನುತ್ತಿದ್ದ. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಹೊಸ ಕಾಫಿ ಪುಡಿಯ ಪೊಟ್ಟಣ ಕೈಗೆತ್ತಿಕೊಂಡಳು. ಗಾಳಿ ಹೀರಿ ಮುಚ್ಚಿದ ಪೊಟ್ಟಣ, ಇಟ್ಟಿಗೆಯಂತೆ ಗಟ್ಟಿ. ಮೂಲೆ ಕತ್ತರಿಸಿದ್ದೇ ತಡ, ಸುಸ್ ಎಂದು ಗಾಳಿ ಒಳಗೆ ಹೋಗಿ ಅದು ಮೆತ್ತಗಾಯಿತು. ಇಷ್ಟು ವರ್ಷ ಇದನ್ನೇ ಕತ್ತರಿಸುತ್ತ ಬಂದಿದ್ದರೂ ಆ ದಿನ ಮಾತ್ರ ಅವಳು ಕತ್ತರಿ ಹಿಡಿದು ಹಾಗೇ ನಿಂತುಬಿಟ್ಟಳು. ಹಾಲು ಉಕ್ಕಿ ಒಲೆ ಆರಿತು.

ಸಂಜೆ ಒಂದು ಬಲೂನಿಗೆ ಪುಡಿ ತುಂಬಿ, ಮೇಜಿನ ಮೇಲಿದ್ದ ಚಮಚಕ್ಕೆ ಅದನ್ನು ಒತ್ತಿ, ಸಿರಿಂಜಿನಿಂದ ಗಾಳಿ ಎಳೆದಳು. ಬಲೂನು ಕಲ್ಲಾಯಿತು. ಚಮಚ ಎಳೆದರೂ ಬರಲಿಲ್ಲ.

"ಅಣ್ಣಾ, ಬಾ ಇಲ್ಲಿ. ಇದನ್ನ ಬಿಡಿಸು ನೋಡೋಣ."

ಅಣ್ಣ ಎಳೆದ, ಜಗ್ಗಿದ, ಸೋತ. "ನನಗಿಂತ ಇದಕ್ಕೇ ಹಠ ಜಾಸ್ತಿ" ಅಂದ.

ಆ ಮೇಲಿನ ತಿಂಗಳುಗಳೇ ಅವರಿಬ್ಬರ ಒಳ್ಳೆಯ ಕಾಲ. ಲ್ಯಾಬಿನಲ್ಲಿ ಕಲಿತ ರಬ್ಬರಿನ ವಿದ್ಯೆಯೆಲ್ಲ ಅಡುಗೆಮನೆಯ ಮೇಜಿಗೆ ಬಂತು. ಮೇಜಿನ ಅಂಚಿಗೆ ಕಚ್ಚಿಕೊಳ್ಳುವ ಒಂದು ಹಿಡಿಕೆ, ಅದರ ಮೇಲೆ ಪುಡಿ ತುಂಬಿದ ಮುಷ್ಟಿಗಾತ್ರದ ರಬ್ಬರ್ ಚೀಲ. ಬೇಕಾದ್ದನ್ನು ಚೀಲಕ್ಕೆ ಒತ್ತಿ, ಪಕ್ಕದ ಸನ್ನೆಕೋಲನ್ನು ಮೊಣಕೈಯಿಂದ ಅದುಮಿದರೆ ಗಾಳಿ ಹೊರಗೆ ಹೋಗಿ ಚೀಲ ಅದೇ ಆಕಾರಕ್ಕೆ ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಇನ್ನೊಮ್ಮೆ ಅದುಮಿದರೆ ಬಿಡಬೇಕು. ಬಾಟಲಿಯೂ ಆಗಬೇಕು, ಉಗುರು ಕತ್ತರಿಯೂ ಆಗಬೇಕು, ಮೊಟ್ಟೆಯೂ ಆಗಬೇಕು. ಅಣ್ಣನೇ ಪರೀಕ್ಷಕ. ಒಡೆದ ಮೊಟ್ಟೆಯೆಲ್ಲ ಆಮ್ಲೆಟ್ ಆಗಿ, ಇಬ್ಬರೂ ದಿನವೂ ಅದನ್ನೇ ತಿಂದರು.

"ಇದರ ಹೆಸರು ಹಿಡಿ ಅಂತಿಡು" ಅಂದ ಅಣ್ಣ ಒಂದು ದಿನ. "ನಾಯಿಗೆ ಹೇಳಿದ ಹಾಗೆ ಹೇಳ್ಬಹುದು. ಹಿಡಿ! ಬಿಡು!"

ಮೊಟ್ಟೆ ಒಡೆಯದ ದಿನ ಬಂತು. ಇಂಥದ್ದು ಬೇಕಾದವರು ಪ್ರಪಂಚದಲ್ಲಿ ಎಷ್ಟಿಲ್ಲ ಎಂದು ಹಲ್ಲಕ್ಕನಿಗೆ ಅನ್ನಿಸಿತು. ಆದರೆ ಕಾರ್ಖಾನೆಯಲ್ಲಿ ಮಾಡಿಸಲು ಬಂಡವಾಳ ಬೇಕು. ಎದುರುಮನೆಯ ಫೋಟೋ ಸ್ಟುಡಿಯೋದವನು ಕ್ರೌಡ್‌ಫಂಡಿಂಗ್ ದಾರಿ ಹೇಳಿಕೊಟ್ಟ. ಇಂಟರ್ನೆಟ್ಟಿನಲ್ಲಿ ಒಂದು ಪುಟ ಹಾಕುವುದು. ಇಷ್ಟಪಟ್ಟವರು ಮುಂಗಡ ಕೊಡುತ್ತಾರೆ. ಸಾಮಾನು ತಯಾರಾದಾಗ ಅವರಿಗೆ ಕಳಿಸುವುದು. ಸಾಕಷ್ಟು ಜನ ಸೇರದಿದ್ದರೆ ಎಲ್ಲರ ದುಡ್ಡೂ ವಾಪಸ್.

ಪುಟಕ್ಕೆ ಹಾಕುವ ವಿಡಿಯೋಗೆ ಸ್ಟುಡಿಯೋದವನು ಅಣ್ಣನನ್ನೂ ಕರೆದ. ಅಣ್ಣ ನಗಲಿಲ್ಲ.

"ಯಂತ್ರ ತೋರಿಸಿ. ನನ್ನ ತೋರಿಸಬೇಡಿ."

ಬಿಳಿ ಬಟ್ಟೆಯ ಮೇಲೆ ಹಿಡಿಯನ್ನಿಟ್ಟು, ಅದು ಬಾಟಲಿ ಹಿಡಿಯುವುದು, ಮೊಟ್ಟೆ ಹಿಡಿಯುವುದು ಎಲ್ಲ ತೆಗೆದರು. ಪುಟ ತೆರೆಯಿತು. ಹೆಚ್ಚು ಜನ ಬರಲಿಲ್ಲ. ಬಂದವರೂ ಇಣುಕಿ ಹೋದರು. ಗಡುವು ಹತ್ತಿರವಾಗುತ್ತಿತ್ತು.

"ಅಕ್ಕಾ, ಜನ ಯಂತ್ರ ನೋಡಿ ಕೊಡಲ್ಲ. ಮನುಷ್ಯನ್ನ ನೋಡಿ ಕೊಡ್ತಾರೆ" ಅಂದ ಸ್ಟುಡಿಯೋದವನು.

ಹಲ್ಲಕ್ಕನ ಫೋನಿನಲ್ಲಿ ಒಂದು ತುಣುಕಿತ್ತು. ಕೆಲಸ ಶುರುವಾದ ಹೊಸದರಲ್ಲಿ, ಮುಚ್ಚಳ ತೆಗೆಯುವಾಗ ಮಣಿಕಟ್ಟು ಹೇಗೆ ತಿರುಗುತ್ತದೆಂದು ತಿಳಿಯಲು ಅಡುಗೆಮನೆಯ ಬಾಗಿಲ ಮರೆಯಿಂದ ತೆಗೆದದ್ದು. ಅಣ್ಣ ಮಾತ್ರೆಯ ಡಬ್ಬಿಯನ್ನು ಮೊಣಕಾಲ ನಡುವೆ ಸಿಗಿಸಿ ತಿರುಗಿಸುತ್ತಾನೆ, ಡಬ್ಬಿ ಜಾರುತ್ತದೆ, ಮಾತ್ರೆ ನೆಲದ ತುಂಬ ಚೆಲ್ಲುತ್ತದೆ, ಅವನು ಮಂಡಿಯೂರಿ, ಒಲೆಯ ಕಟ್ಟೆಯಡಿಗೂ ಕೈ ಹಾಕಿ, ಒಂದೊಂದೇ ಆರಿಸುತ್ತಾನೆ. ಮುಖ ಕಾಣುವುದಿಲ್ಲ. ಮುಖ ಕಾಣುವುದಿಲ್ಲವಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಒಮ್ಮೆಯಲ್ಲ, ಹಲವು ಸಲ. ಆಮೇಲೆ, ಅಣ್ಣ ಕೈ ಕಳೆದುಕೊಂಡ ಪ್ರೆಸ್ಸಿನ ಹೆಸರನ್ನೂ ಬರೆದು, ಅದನ್ನು ಪುಟಕ್ಕೆ ಹಾಕಿದಳು.

ಅದು ಕಾಡುಕಿಚ್ಚಿನಂತೆ ಹಬ್ಬಿತು. ಗಡುವಿಗೆ ಮೊದಲೇ ಬೇಕಾದ್ದಕ್ಕಿಂತ ಹೆಚ್ಚು ಜನ ಸೇರಿದರು. ಹಲ್ಲಕ್ಕನ ಕಾಲು ನೆಲದ ಮೇಲಿರಲಿಲ್ಲ.

ಅಣ್ಣನಿಗೆ ತಿಳಿದದ್ದು ಕೌಂಟರಿನಲ್ಲಿ. ಪುಸ್ತಕ ಕಟ್ಟಿಸಲು ಬಂದ ಹೆಂಗಸೊಬ್ಬಳು ಅವನ ಎಡತೋಳನ್ನು ನೋಡಿದಳು, ಪ್ರೆಸ್ಸಿನ ಹೆಸರು ನೋಡಿದಳು, ಕಣ್ಣು ತುಂಬಿಕೊಂಡಳು. "ನೀವೇ ಅಲ್ವಾ? ಆ ಮಾತ್ರೆ ಆರಿಸೋದು ನೋಡಿ ನಾನು ಅತ್ತುಬಿಟ್ಟೆ" ಅಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳೇ ಫೋನ್ ತೆಗೆದು ತೋರಿಸಿದಳು.

ಅವನು ಆಗಲೇ ಮನೆಗೆ ಬಂದ. ಹಲ್ಲಕ್ಕ ಊಟಕ್ಕೆ ಕೂತಿದ್ದಳು.

"ಇದು ಯಾವತ್ತು ತೆಗೆದದ್ದು?"

"ಅಳತೆಗೆ ಅಂತ ತೆಗೆದಿದ್ದೆ ಅಣ್ಣ. ಮುಖ ಕಾಣಲ್ಲ ಅದರಲ್ಲಿ."

"ಮುಖ ಕಂಡಿದ್ರೆ ನಾನು ಅನ್ನೋನಾದ್ರೂ ಇರ್ತಿದ್ದೆ. ಇದರಲ್ಲಿ ನಾನಿಲ್ಲ. ಬರೀ ಇಲ್ಲದ ಕೈ ಇದೆ."

"ಈಗಲೇ ತೆಗೆದುಹಾಕ್ತೀನಿ."

"ತೆಗಿ. ಆ ಹೆಂಗಸಿನ ತಲೆಯಿಂದ ಹೇಗೆ ತೆಗೀತೀಯ?"

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಅಳಲಿಕ್ಕಾದರೂ ದಾರಿ ಸಿಗುತ್ತಿತ್ತು. ಅವಳು ತುಣುಕು ತೆಗೆದಳು; ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿಯಾಗಿತ್ತು.

ಹಳೆಯ ಜೊತೆಗಾರನೊಬ್ಬ ದೂರದ ಊರಿನ ಕಾಗದದ ಗೋದಾಮಿನಲ್ಲಿ ಅಣ್ಣನಿಗೆ ಕೆಲಸ ನೋಡಿದ. ಹೊರಡುವ ದಿನ ಅಣ್ಣ ಪೆಟ್ಟಿಗೆಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದ. ಹಲ್ಲಕ್ಕ ಎರಡೂ ಕೈ ಜೋಲು ಬಿಟ್ಟು ಪಕ್ಕದಲ್ಲೇ ನಿಂತಿದ್ದಳು. ಹಿಡ್ಕೋ ಎಂದು ಅವನು ಹೇಳಲಿಲ್ಲ, ಹಿಡೀಲಾ ಎಂದು ಅವಳು ಕೇಳಲಿಲ್ಲ.

ಮುಂಗಡ ಕೊಟ್ಟವರು ಕಾಯುತ್ತಿದ್ದರು. ಅವಳು ಲ್ಯಾಬ್ ಬಿಟ್ಟು, ಸೈಕಲ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕೆಲಸಕ್ಕೆ ಕೂತಳು. ಕಾಫಿ ಪುಡಿಗೆ ಬೂಷ್ಟು ಹಿಡಿಯಿತು. ಅದರ ಬದಲು ಸಣ್ಣ ಪ್ಲಾಸ್ಟಿಕ್ ಕಾಳು ತುಂಬಿದಳು. ಕಾಳು ರಬ್ಬರನ್ನು ಸವೆಸಿ ಹೊರಗೆ ಬಂತು, ರಬ್ಬರನ್ನೇ ಬದಲಾಯಿಸಿದಳು. ಪರೀಕ್ಷಿಸಲು ಈಗ ಯಾರೂ ಇರಲಿಲ್ಲ. ಅವಳು ತನ್ನ ಎಡಗೈಯನ್ನು ಬೆಲ್ಟಿನಿಂದ ಸೊಂಟಕ್ಕೆ ಕಟ್ಟಿಕೊಂಡು ಬಾಟಲಿ ತೆರೆದಳು, ಬ್ರೆಡ್ ಕೊಯ್ದಳು. ಮೊಟ್ಟೆ ಒಡೆದಾಗ ತನಗೆ ತಾನೇ ಏನೋ ತಮಾಷೆ ಹೇಳಹೋಗಿ, ಮಧ್ಯದಲ್ಲೇ ನಿಲ್ಲಿಸಿದಳು. ಆಮ್ಲೆಟ್ಟನ್ನು ಒಲೆಯ ಮುಂದೆ ನಿಂತೇ ತಿಂದಳು.

ಪುಟದಲ್ಲಿ ಮಾತ್ರ ಸಂತೆ. ಎಲ್ಲಿಯವರೋ ಏನೋ, ಎಲ್ಲಿಗೆ ಬಂತು ಕೆಲಸ ಎಂದು ಕೇಳುವರು, ಧೈರ್ಯ ಹೇಳುವರು, ತಡವಾದಾಗ ಬೈಯುವರು. ಅವಳು ಎಲ್ಲರಿಗೂ ಉತ್ತರಿಸುತ್ತಿದ್ದಳು. ಅಣ್ಣನ ಜೊತೆಗಿನ ಫೋನು ಮಾತ್ರ ಹೀಗೆ:

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ಕೊನೆಗೂ ಎಲ್ಲ ಪೆಟ್ಟಿಗೆಗಳೂ ತಯಾರಾದವು. ಕೊರಿಯರಿನವನು ಕಡೆಯ ಸಲ ಗಾಡಿ ತುಂಬಿಕೊಂಡು, "ಮುಗೀತಾ ಅಕ್ಕ? ಇನ್ನೇನು, ಹಾಯಾಗಿರಿ" ಎಂದು ಹೋದ. ಖಾಲಿ ಶೆಡ್ಡಿನಲ್ಲಿ ಅವಳು ಪೊರಕೆ ಹಿಡಿದು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಕೆಲವು ವಾರ ಮೆಚ್ಚುಗೆ ಬಂತು. ಮುದುಕಿಯೊಬ್ಬಳು ಬರೆದಿದ್ದಳು: 'ಇವತ್ತು ಜಾಮ್ ಬಾಟಲಿಯನ್ನು ನಾನೇ ತೆಗೆದೆ. ಯಾರಿಗೆ ಹೇಳುವುದೆಂದು ತಿಳಿಯದೆ ನಿಮಗೆ ಹೇಳುತ್ತಿದ್ದೇನೆ.' ಹಲ್ಲಕ್ಕ ಅದನ್ನು ಮತ್ತೆ ಮತ್ತೆ ಓದಿದಳು. ಅದನ್ನು ಯಾರಿಗೆ ಹೇಳುವುದೆಂದು ಅವಳಿಗೂ ತಿಳಿಯಲಿಲ್ಲ. ಆಮೇಲೆ ಜನ ಇನ್ಯಾರದೋ ಹೊಸ ಯಂತ್ರದ ಕಡೆ ಹೋದರು. ಸಾಮಾನು ಸಿಕ್ಕಿತ್ತು, ಇನ್ನು ಮಾತೇಕೆ? ಪುಟ ಸಂತೆ ಮುಗಿದ ಬಯಲಾಯಿತು.

ಆ ದಿನಗಳಲ್ಲೇ ಕ್ರೌಡ್‌ಫಂಡಿಂಗ್ ಕಂಪನಿಯಿಂದ ಒಬ್ಬಳು ಫೋನ್ ಮಾಡಿದಳು. ದೊಡ್ಡ ಸಮಾರಂಭವಂತೆ, ಹಲ್ಲಕ್ಕ ವೇದಿಕೆಯಲ್ಲಿ ಮಾತಾಡಬೇಕಂತೆ. "ನಿಮ್ಮ ಅಣ್ಣನವರನ್ನೂ ಕರ್ಕೊಂಡು ಬನ್ನಿ. ಆ ಮಾತ್ರೆಯ ವಿಡಿಯೋ ಹಾಕಿಯೇ ಶುರು ಮಾಡೋಣ ಅಂತಿದೀವಿ."

"ಅವನು ಬರಲ್ಲ. ನಾನೂ ಬರಲ್ಲ. ಆ ವಿಡಿಯೋ ನೀವು ಹಾಕೋ ಹಾಗಿಲ್ಲ" ಎಂದು ಫೋನಿಟ್ಟಳು. ಮರುದಿನ ಅಣ್ಣನ ಊರಿಗೆ ರೈಲು ಹತ್ತಿದಳು. ಚೀಲದಲ್ಲಿ ಒಂದು ಹಿಡಿಯನ್ನು ಇಟ್ಟವಳು, ಹೊರಡುವ ಮೊದಲು ತೆಗೆದು ಮೇಜಿನ ಮೇಲೆ ಬಿಟ್ಟು ಬಂದಳು.

ಗೋದಾಮಿನಲ್ಲಿ ಕಾಗದದ ಉರುಳೆಗಳು ಚಾವಣಿಯವರೆಗೆ. ಅಣ್ಣ ಬಾಗಿಲ ಬಳಿ ನಿಂತು ಲಾರಿಯವನಿಗೆ ಏನೋ ಹೇಳುತ್ತಿದ್ದ. ಸ್ವಲ್ಪ ದಪ್ಪಗಾಗಿದ್ದ. ಅವಳನ್ನು ಕಂಡು ಮಾತು ನಿಲ್ಲಿಸಿದ.

"ಏನೇ, ಹೇಳದೆ ಕೇಳದೆ?"

"ಹೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ" ಎಂದು ಒಪ್ಪಿಕೊಂಡ. "ಊಟದ ಹೊತ್ತಾಯ್ತು, ಬಾ."

ಕ್ಯಾಂಟೀನಿನಲ್ಲಿ ಅವನ ಜೊತೆಯವರು ಜರುಗಿ ಜಾಗ ಮಾಡಿಕೊಟ್ಟರು. ಇಲ್ಲಿ ಯಾರೂ ಅವನ ತೋಳನ್ನು ನೋಡುತ್ತಿರಲಿಲ್ಲ. ಒಬ್ಬ ಮಾತಿನ ಮಧ್ಯೆಯೇ ಅವನ ತಟ್ಟೆಯನ್ನು ಒಂದು ಕೈಯಿಂದ ಅದುಮಿ ಹಿಡಿದ. ಅಣ್ಣ ಮಾತು ನಿಲ್ಲಿಸದೆ ಕಲಸಿಕೊಂಡು ಉಂಡ. ಹಲ್ಲಕ್ಕ ತಲೆ ತಗ್ಗಿಸಿ ಉಣ್ಣುತ್ತಿದ್ದಳು.

"ತಂಗಿ ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿದ ಲಾರಿಯವನು.

ಅಣ್ಣನ ಕೈಯ ತುತ್ತು ಹಾಗೇ ನಿಂತಿತು.

"ಕಟ್ಟುಹಲ್ಲು ಮಾಡ್ತೀನಿ" ಅಂದಳು ಹಲ್ಲಕ್ಕ.

"ಹೌದಾ! ನೋಡಿ ಇಲ್ಲಿ" ಎಂದು ಲಾರಿಯವನು ಬಾಯಿ ತೆರೆದು ತನ್ನ ಖಾಲಿ ದವಡೆ ತೋರಿಸಿದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಆಮೇಲೆ ತುತ್ತು ಬಾಯಿಗಿಟ್ಟ.

ಅವನ ಕೋಣೆ ಗೋದಾಮಿನ ಹಿಂದೆಯೇ. ಒಳಗೆ ಹೋದವಳು ಹೊಸ್ತಿಲಲ್ಲೇ ನಿಂತಳು. ಮೇಜಿನ ಅಂಚಿನಲ್ಲಿ ಹಿಡಿ ಕೂತಿತ್ತು. ಅದರಲ್ಲಿ ಒಂದು ಶೂ, ಅರ್ಧ ಪಾಲಿಶ್ ಆದದ್ದು.

"ಇದೆಲ್ಲಿಂದ ಬಂತು?"

"ಕೊಂಡ್ಕೊಂಡೆ. ಎಲ್ಲರ ಹಾಗೆ. ಜೊತೆಯವನ ಹೆಸರಲ್ಲಿ, ಅವನ ಮನೆ ವಿಳಾಸಕ್ಕೆ ತರಿಸಿದೆ."

ಆ ಪೆಟ್ಟಿಗೆಯನ್ನೂ ಅವಳೇ ತನ್ನ ಕೈಯಾರೆ ಕಟ್ಟಿ, ಅಂಟು ಪಟ್ಟಿ ಸುತ್ತಿ ಕಳಿಸಿದ್ದಳು.

"ನನಗೊಂದು ಮಾತು ಹೇಳ್ಬಹುದಿತ್ತಲ್ಲ ಅಣ್ಣ."

"ನೀನೊಂದು ಮಾತು ಕೇಳ್ಬಹುದಿತ್ತು."

ಹೊರಗೆ ಲಾರಿ ಹಿಂದಕ್ಕೆ ಹೋಗುವ ಸದ್ದು. ಹಲ್ಲಕ್ಕ ಮಂಚದ ತುದಿಯಲ್ಲಿ ಕೂತಳು.

"ನೀನು ಬೇಡ ಅಂದಿದ್ದೆ. ಗೊತ್ತಿದ್ದೂ ಹಾಕಿದೆ. ತಪ್ಪಾಯ್ತು."

"ಗೊತ್ತು" ಅಂದ ಅಣ್ಣ. ಇರಲಿ ಬಿಡು ಅನ್ನಲಿಲ್ಲ. ಹಿಡಿಯ ಕಡೆ ತೋರಿಸಿ, "ಸಾಮಾನು ಚೆನ್ನಾಗಿದೆ. ಅದರ ಜೊತೆ ನನಗೆ ಜಗಳ ಇಲ್ಲ. ಸನ್ನೆ ಮಾತ್ರ ಬಿಗಿ, ಮೊಣಕೈ ನೋಯುತ್ತೆ" ಅಂದ.

"ಸ್ಕ್ರೂಡ್ರೈವರ್ ಇದೆಯಾ?"

ಇತ್ತು. ಅವಳು ನೆಲದ ಮೇಲೆ ಕೂತು ಸನ್ನೆಯ ಸ್ಪ್ರಿಂಗ್ ಸಡಿಲಿಸಿದಳು. ಅವನು ಅದುಮಿ ನೋಡಿದ, ಇನ್ನೂ ಸ್ವಲ್ಪ ಅಂದ; ಅವಳು ಇನ್ನೂ ಸ್ವಲ್ಪ ತಿರುಗಿಸಿದಳು. ಸರಿಯಾದ ಮೇಲೂ ಇನ್ನೊಂದೆರಡು ಸಲ ಅದುಮಿ ನೋಡಿದರು.

"ಮನೆಗೆ ಬಾ ಅಣ್ಣ."

ಅವನು ಶೂಗೆ ಬ್ರಷ್ ಹಾಕುತ್ತಲೇ ಹೇಳಿದ: "ಇಲ್ಲಿ ನಾನು ಗೋದಾಮಿನವನು ಕಣೇ. ಅಷ್ಟೇ. ಅಲ್ಲಿಗೆ ಬಂದ್ರೆ ಮಾತ್ರೆ ಆರಿಸಿದವನು."

ಅವಳು ಮತ್ತೆ ಕರೆಯಲಿಲ್ಲ. ಸ್ಟೇಷನ್ನಿನವರೆಗೆ ಅವನು ಬಂದ, ಅವಳ ಚೀಲವನ್ನು ತಾನೇ ಹೊತ್ತುಕೊಂಡ. ರೈಲು ಬಂದಾಗ, "ಆಗಾಗ ಬರ್ತಿರು. ಲಾರಿಯವನಿಗೆ ಹಲ್ಲು ಬೇಕಂತೆ" ಅಂದ.

ಹಲ್ಲಕ್ಕ ಲ್ಯಾಬಿನ ಕೆಲಸಕ್ಕೆ ಮರಳಿದಳು. ಯಾರಾದರೂ ಬರೆದು ಕೇಳಿದರೆ ರಜಾ ದಿನ ಶೆಡ್ಡಿನಲ್ಲಿ ಹಿಡಿ ಮಾಡಿ ಕಳಿಸುತ್ತಾಳೆ. ಸನ್ನೆ ಈಗ ಮೊದಲಿನಷ್ಟು ಬಿಗಿಯಿಲ್ಲ. ಒಂದೆರಡು ತಿಂಗಳಿಗೊಮ್ಮೆ ಅಣ್ಣನ ಊರಿಗೆ ಹೋಗಿ ಕ್ಯಾಂಟೀನಿನಲ್ಲಿ ಉಂಡು ಬರುತ್ತಾಳೆ. ಅವನು ಮಾತ್ರ ಈ ಮನೆಗೆ ಬಂದಿಲ್ಲ. ಸಂಜೆ ಬೀಗ ತೆಗೆಯುವಾಗ ಕೆಳಗಿನ ಸೈಕಲ್ ಅಂಗಡಿಯವನು, "ಅಣ್ಣ ಯಾವಾಗ ಬರೋದು?" ಎಂದು ಕೇಳುತ್ತಾನೆ. "ಅಲ್ಲೇ ಚೆನ್ನಾಗಿದ್ದಾನೆ" ಎಂದು ಹೇಳಿ ಅವಳು ಮೆಟ್ಟಿಲು ಹತ್ತುತ್ತಾಳೆ, ದೀಪ ಹಾಕಿ ಒಬ್ಬಳಿಗೆ ಸಾಕಾಗುವಷ್ಟು ಅಕ್ಕಿ ಅಳೆಯುತ್ತಾಳೆ.