ಬಡಿತ ಚೆನ್ನಾಗಿದೆ

“ಕೇಳಿಸ್ತಾ ಇದೆಯೇನ್ರೀ?” ಎಂದಿತು ಫೋನು, ಮತ್ತೊಮ್ಮೆ.

“ಕೇಳಸ್ತದ್ರಿ,” ಎಂದ ಡಾಕ್ಟರ್ ಮಾಣಿಕ.

ಬೀದರಿನಿಂದ ಮಾತಾಡುತ್ತಿದ್ದ ದೊಡ್ಡ ಡಾಕ್ಟರರನ್ನು ಅವನು ಕಂಡಿರಲಿಲ್ಲ. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ದಕ್ಷಿಣದಿಂದ ಬಂದವರು. ತಾಲೂಕಿನ ರೋಗಿಗಳನ್ನು ಫೋನಿನಲ್ಲೇ ಪರೀಕ್ಷಿಸಬಹುದೆಂಬುದು ಅವರ ಯೋಜನೆ. ಔರಾದಿನ ದವಾಖಾನೆ ಅದಕ್ಕೆ ಸಿದ್ಧವಿದೆಯೇ ಎಂದು ಈವತ್ತು ನೋಡುವವರಿದ್ದರು. ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಓದಿ ಡಾಕ್ಟರಾದ ಮಾಣಿಕನಿಗೆ, ಆ ನುಣುಪು ಕನ್ನಡ ಕೇಳಿದಾಗಲೆಲ್ಲ ತನ್ನ ಮಾತು ಬಾಯಲ್ಲಿ ಸಿಕ್ಕ ಕಲ್ಲಿನಂತೆನಿಸುತ್ತಿತ್ತು.

“ರೋಗಿ ಇದ್ದಾರೆಯೇ?”

ಇದ್ದಳು. ಠಾಣಾ ಕುಶನೂರದ ಕುರಿಗಾರ ಮಡೆಪ್ಪ ಆಗಷ್ಟೇ ಹೆಂಡತಿ ಸತ್ಯಮ್ಮನನ್ನು ಬಸ್ಸಿನಿಂದ ಇಳಿಸಿ ತಂದಿದ್ದ. ಸುಡುವ ಜ್ವರ; ಎದೆಯಲ್ಲಿ ಗರಗರ. ಮಾಣಿಕ ಸೂಜಿಗೆ ಔಷಧ ಎಳೆಯುತ್ತಿದ್ದಾಗ ಫೋನು ಬಡಿದುಕೊಂಡಿತ್ತು. ಸೂಜಿ ಇನ್ನೂ ತಟ್ಟೆಯಲ್ಲಿತ್ತು.

“ಮೊದಲ ಸೂಜಿ ಕೊಟ್ಟು ಬರ್ತೇನ್ರಿ—”

“ಬೇಡ. ಎದೆ ಕೇಳದೆ ಔಷಧವೇ? ಫೋನನ್ನು ಅವರ ಎದೆಗಿಡಿ.”

ನಗು ಬರಬೇಕಿತ್ತು. ಬರಲಿಲ್ಲ. ಮಾಣಿಕ ವೈರು ಎಳೆದುಕೊಂಡು ಹೋಗಿ, ಮಂಚಕ್ಕೆ ಬಗ್ಗಿ, ಕಪ್ಪು ರಿಸೀವರನ್ನು ಸತ್ಯಮ್ಮನ ಸೆರಗಿನ ಮೇಲಿಟ್ಟ. ಅವಳು ಅವನನ್ನೇ ನೋಡುತ್ತಿದ್ದಳು. ಮಡೆಪ್ಪ ಕೈಮುಗಿದು ನಿಂತಿದ್ದ, ಫೋನಿಗೆ.

ಗರಗರ ನಿಂತಿತು.

ಮಾಣಿಕ ಅವಳ ಕುತ್ತಿಗೆ ಮುಟ್ಟಿದ. ನಾಡಿ ಇರಲಿಲ್ಲ. ಕಣ್ಣು ಮಾತ್ರ ಅವನ ಮೇಲೇ ಇತ್ತು. ತನಗರಿವಿಲ್ಲದೆ ಅಂಗೈ ಸವರಿ ಅದನ್ನು ಮುಚ್ಚಿದ. ರಿಸೀವರನ್ನು ಕಿವಿಗೆ ತಂದ.

“ಎಷ್ಟು ಸ್ಪಷ್ಟವಾಗಿ ಕೇಳಿಸ್ತಿದೆ!” ದನಿ ಹಿಗ್ಗಿತ್ತು. “ಬಡಿತ ಚೆನ್ನಾಗಿದೆ.”

“ಸಾಹೇಬ್ರ, ಆಕಿ...”

“ಗಾಬರಿ ಏನಿಲ್ಲ. ಮನೆಗೆ ಕಳಿಸಿ. ಔರಾದು ಸಿದ್ಧವಿದೆ ಅಂತ ಬರೀತೀನಿ.”

ಲೈನು ಹೋಯಿತು. ಅವರು ಕೇಳಿದ್ದು ಯಾರ ಎದೆ?

“ದೊಡ್ಡ ಸಾಹೇಬ್ರು ಏನಂದ್ರು ರೀ?” ಮಡೆಪ್ಪ ಕೇಳಿದ.

ಹೋಗ್ಯಾಳ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. “ಬಡಿತ ಚೆನ್ನಾಗಿದೆ,” ಎಂದ ಮಾಣಿಕ. ಅದು ಅವನ ಭಾಷೆಯಲ್ಲ. ದನಿಯೂ ಅವನದಾಗಿರಲಿಲ್ಲ.

ಮಡೆಪ್ಪನ ಮುಖ ಅರಳಿತು. “ನಿದ್ದಿ ಹತ್ತೇದ ನೋಡ್ರಿ. ಜ್ವರ ಬಂದಾಗಿಂದ ಕಣ್ಣ ಮುಚ್ಚಿದ್ದಿಲ್ಲ. ಮನಿಗಿ ಒಯ್ಲೇನ್ರಿ?”

ಈಗ ಹೇಳಬೇಕು ಎಂದುಕೊಂಡ ಮಾಣಿಕ. ಹೇಳಬೇಕು ಎಂದುಕೊಳ್ಳುತ್ತಿದ್ದಂತೆಯೇ ಮಡೆಪ್ಪ ಅವಳಿಗೆ ಕಂಬಳಿ ಸುತ್ತಿ, ಮಗುವಿನಂತೆ ಎತ್ತಿಕೊಂಡು ಬಾಗಿಲು ದಾಟಿದ. ಎಚ್ಚರಾಗದಿರಲೆಂದು ಮೆಲ್ಲಗೆ ಹೆಜ್ಜೆಯಿಡುತ್ತಿದ್ದ.

ಎದುರಿಗೆ ಬಸ್ಸು ನಿಂತಿತ್ತು. ಮಾಣಿಕ ಕಿಟಕಿಗೆ ಬಂದ. ಮಡೆಪ್ಪ ಹೆಂಡತಿಯನ್ನು ಕಿಟಕಿಯ ಪಕ್ಕ ಕೂರಿಸಿ, ಕಿವಿಯ ಹತ್ತಿರ ಏನೋ ಹೇಳುತ್ತಿದ್ದ. ಎಂಜಿನ್ನು ಶುರುವಾಯಿತು. ಬಸ್ಸು ನಡುಗಿತು, ನಡುಗಿದಂತೆಲ್ಲ ಸತ್ಯಮ್ಮನ ತಲೆ ಗಂಡನ ಮಾತಿಗೆ ಹೌದು, ಹೌದು ಎಂದು ಆಡತೊಡಗಿತು. ಬಸ್ಸು ತುಂಬ ಕೂತವರ ತಲೆಗಳೂ ಅದರ ಜೊತೆಗೇ ಆಡುತ್ತಿದ್ದವು.

ಗಟ್ಟಿ ನೆಲದ ಮೇಲೆ ನಿಂತಿದ್ದ ಮಾಣಿಕ ಆಡುತ್ತಿದ್ದ ತನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅದು ನಿಲ್ಲಲಿಲ್ಲ.