ಕಿವಿ ನೀರಲ್ಲಿದ್ದಾಗ

ತನ್ನ ದನಿ ತನಗೇ ಹಿಡಿಸದು ಎಂಬುದು ಅವಳು ಯಾರಿಗೂ ಹೇಳಿಕೊಳ್ಳದ ಅಳುಕು. ಡಿಗ್ರಿ ಮುಗಿಸಿದ್ದರೂ ಮನೆಯಲ್ಲೇ ಮಾತು ತೂಗಿ ಆಡುವವಳು. ಇನ್ನು ಈಜುಕೊಳದಲ್ಲಿ, ಅಷ್ಟು ಜನರೆದುರು, ಹಲ್ಲು ಮೂಡುತ್ತಿರುವ ಅಕ್ಕನ ಕೂಸಿನೊಡನೆ ಏನೆಂದು ಹರಟುವುದು?

ಆದರೆ ಅಲ್ಲಿನ ಟೀಚರ್ ಕಲಿಸುತ್ತಿದ್ದುದೇ ಹಾಗೆ. ಮಗುವನ್ನು ಅಂಗಾತ ಮಲಗಿಸಿ, ತಲೆಯನ್ನು ಹೆಗಲಿಗೆ ಆನಿಸಿಕೊಂಡು, ಬಿಡದೆ ಮಾತಾಡುತ್ತಿರಬೇಕು. ಕಿವಿ ನೀರೊಳಗಿದ್ದರೂ ದನಿಯ ಕಂಪನ ಮೈಯಿಂದ ಮೈಗೆ ಇಳಿಯುತ್ತದಂತೆ. ಆಗ ಕುತ್ತಿಗೆ ಸಡಿಲಾಗಿ ಹೊಟ್ಟೆ ಮೇಲೇಳುತ್ತದೆ. ಹೆಗಲು ಮೆಲ್ಲನೆ ಸರಿದರೂ ಮಗು ತೇಲುತ್ತದೆ.

ಇವತ್ತು ಕೊನೆಯ ತರಗತಿ. ಭಾನುವಾರ ಅಕ್ಕ ಮನೆ ಬದಲಾಯಿಸುತ್ತಾಳೆ. ಹೊಸ ಮನೆಯ ಹಿತ್ತಲ ಬಾಗಿಲು ತೆರೆದರೆ ಎದುರಿಗೇ ಒಂದು ಹಳೆಯ ಕೊಳ; ಕೂಸನ್ನು ಈ ತರಗತಿಗೆ ಸೇರಿಸಿದ್ದೇ ಅದಕ್ಕೆ. ಅಕ್ಕನದು ಬೆಳಗಿನ ಪಾಳಿಯಾದ್ದರಿಂದ ಅವಳ ಮಗಳು ಬುಗುರಿಯನ್ನು ಕರೆತರುವುದು ಚಿಕ್ಕಮ್ಮನಾದ ಇವಳ ಪಾಲಿಗೆ ಬಂದಿತ್ತು. ನೀರಲ್ಲಿ ಬೋರಲಾಗಿ ಬಿದ್ದರೆ ಅಂಗಾತ ಹೊರಳುವುದನ್ನು ಬುಗುರಿ ಕಲಿತಾಗಿತ್ತು. ಆದರೆ ಹೊರಳಿದ ಮೇಲೆ ತಲೆ ಎತ್ತುವಳು, ಸೊಂಟ ಕುಸಿಯುವುದು, ಕೆಮ್ಮು, ಅಳು.

ನೀರು ಹಾಲಿನಷ್ಟು ಬೆಚ್ಚಗಿತ್ತು. ಬೆಳಕು ಚಾವಣಿಯ ಮೇಲೆ ಬಲೆ ಹೆಣೆದು ಬಿಚ್ಚುತ್ತಿತ್ತು. ಪಕ್ಕದಲ್ಲಿ ಒಬ್ಬ ತಾತ ಮೊಮ್ಮಗನಿಗೆ ಮನೆಯ ಗುಟ್ಟನ್ನೆಲ್ಲ ಒಪ್ಪಿಸುತ್ತಿದ್ದ. "ನಿಮ್ಮಪ್ಪನ ಗೊರಕೆಗೆ ಕಿಟಕಿ ಗಾಜು ಅದುರುತ್ತೆ ಕಣೋ. ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿದ್ದು ನಾನೇ, ಅಜ್ಜಿಗೆ ಹೇಳ್ಬಿಟ್ಟೀಯ!" ಮೊಮ್ಮಗ ಎಲೆಯ ಹಾಗೆ ತೇಲುತ್ತಿದ್ದ.

ಅವಳು ಬರೀ ತುಟಿ ಆಡಿಸುತ್ತಿದ್ದಳು. ಮೊದಲ ದಿನದಿಂದಲೂ ಅಷ್ಟೇ. ದೂರಕ್ಕೆ ಅದು ಮಾತಿನ ಹಾಗೇ ಕಾಣುತ್ತಿತ್ತು.

ಟೀಚರ್ ಹಿಂದಿನಿಂದ ಬಂದು ಅವಳ ಬೆನ್ನಿಗೆ ಅಂಗೈ ಒತ್ತಿದರು. "ಏನಮ್ಮಾ, ಬಾಯಿ ಆಡ್ತಿದೆ, ಬೆನ್ನು ಸುಮ್ಮನಿದೆ? ಯಾರಿಗೆ ಟೋಪಿ ಹಾಕ್ತಿದ್ದೀಯ, ನನಗೋ ಮಗುಗೋ?"

ಅವಳ ಕಿವಿ ಬಿಸಿಯಾಯಿತು. "ಏನು ಹೇಳ್ಲಿ ಮೇಡಂ?"

"ಏನಾದ್ರೂ ಹೇಳು. ಬಸ್ಸು ತಡವಾದ ಕಥೆನಾದ್ರೂ ಹೇಳು. ಮತ್ತೆ ನಿಮ್ಮಕ್ಕಂಗೂ ತಿಳಿಸು, ತೇಲೋಕೆ ಬಂತು ಅಂತ ಮಗು ಮೇಲಿಂದ ಕಣ್ಣು ತೆಗೆಯೋ ಹಾಗಿಲ್ಲ. ದೊಡ್ಡೋರು ಓಡಿ ಬರೋವರೆಗೂ ಉಸಿರಾಡ್ತಿರಲಿ ಅಂತ ಇದು, ಅಷ್ಟೇ."

ಅರೆಗನಸಿನಲ್ಲೆಂಬಂತೆ ಅವಳ ಕಣ್ಣೆದುರು ಆ ಹಿತ್ತಲು ತೆರೆದುಕೊಂಡಿತು: ಹಸಿರು ನೀರು, ಪುಟ್ಟ ಪಾದಗಳು, ಸುತ್ತ ಯಾರೂ ಇಲ್ಲ.

"ಏನೂ ಆಗಲ್ಲ ಪುಟ್ಟಿ," ಎಂದು ಪಿಸುಗುಟ್ಟಿದಳು. ಕೂಸಿನ ಕುತ್ತಿಗೆ ಇನ್ನೂ ಮರಗಟ್ಟಿಕೊಂಡೇ ಇತ್ತು. ಸುಳ್ಳಿಗೆ ಗಂಟಲು ಇಷ್ಟೇ ತೆರೆಯುವುದೇನೋ. ಅವಳು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡಳು. ತಾತ ಕೂಡ ಕತ್ತು ಹೊರಳಿಸಿ ನೋಡುವಷ್ಟು ಗಟ್ಟಿಯಾಗಿ ಮಾತು ಹೊರಬಿತ್ತು.

"ನಂಗೆ ಭಯ ಆಗ್ತಿದೆ ಕಣೇ ಬುಗುರಿ. ನಿಂಗಲ್ಲ, ನಂಗೆ. ನಿನ್ನ ಬಿಡೋಕೇ ಆಗ್ತಿಲ್ಲ ನಂಗೆ."

ಹೆಗಲ ಮೇಲಿನ ತಲೆ ನಿದ್ದೆ ಬಂದವರ ತಲೆಯಂತೆ ಭಾರವಾಯಿತು. ಪುಟ್ಟ ಹೊಟ್ಟೆ ಮೇಲೆದ್ದಿತು. ಅವಳು ಹೆಗಲನ್ನು ಕೂದಲೆಳೆಯಷ್ಟು ಸರಿಸಿದಳು, ಮತ್ತಷ್ಟು ಸರಿಸಿದಳು. ಬುಗುರಿ ಚಾವಣಿಯ ಬೆಳಕನ್ನೇ ನೋಡುತ್ತ, ಉಸಿರಾಡುತ್ತ, ಅಲ್ಲೇ ಉಳಿದಳು.