ಎಡಗಡೆಯ ನಡುಗಾಲು

ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮತ್ತೆ ಎಣಿಸಿದೆ. ಆರೇ. ದೀಪವನ್ನು ಹತ್ತಿರ ಎಳೆದು, ಮೈಕ್ರೋಸ್ಕೋಪಿನ ಕೆಳಗಿನ ಹುಳವನ್ನು ಮಗ್ಗುಲಾಗಿ ಹೊರಳಿಸಿ ಮೂರನೇ ಸಲ ಎಣಿಸಿದಾಗ ನನ್ನ ಮೈ ತಣ್ಣಗಾಯಿತು. ಕೀಟಕ್ಕೆ ಆರು ಕಾಲು ಇರುವುದು ಸಣ್ಣ ಮಕ್ಕಳಿಗೂ ಗೊತ್ತು, ಅದಕ್ಕೇನು ಇಷ್ಟು ಗಾಬರಿ ಅಂತ ನೀವು ಕೇಳಬಹುದು. ಈ ಹುಳಕ್ಕೆ ಐದೇ ಇರಬೇಕಿತ್ತು.

ಮೊದಲಿನಿಂದಲೇ ಹೇಳಿಬಿಡುತ್ತೇನೆ. ನನ್ನ ಕಸುಬು ಕಲ್ಲುನೊಣ. ಬೆಟ್ಟದ ತಣ್ಣನೆಯ ತೊರೆಯಲ್ಲಿ ಕಲ್ಲಿನಡಿ ಒಂದೆರಡು ವರ್ಷ ಮರಿಯಾಗಿ ಬದುಕಿ, ರೆಕ್ಕೆ ಬಂದ ಮೇಲೆ ನಾಲ್ಕು ದಿನ ದಡದಲ್ಲಿ ಓಡಾಡಿ ಸಾಯುವ ಬೂದು ಬಣ್ಣದ ಹುಳ ಅದು. ನೋಡಲು ಎಲ್ಲ ಒಂದೇ ಥರ. ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಗಂಡಿನ ಬಾಲದ ತುದಿಯ ಸಣ್ಣ ಕೊಕ್ಕೆ. ಆ ಕೊಕ್ಕೆಯನ್ನು ಬಿಟ್ಟು ಉಳಿದ ಮೈಯ ಕಡೆ ನಾವು ಕಲ್ಲುನೊಣದವರು ತಿರುಗಿಯೂ ನೋಡುವುದಿಲ್ಲ. ಮ್ಯೂಸಿಯಂನಲ್ಲಿ ನನ್ನ ಎದುರು ಮೇಜಿನಲ್ಲಿ ಕೂರುವ ಚಿಟ್ಟೆ ವಿಭಾಗದ ಗೆಳತಿ, "ಇಪ್ಪತ್ತೈದು ವರ್ಷದಿಂದ ಬಾಲನೇ ನೋಡ್ತಿದ್ದೀಯಲ್ಲೇ, ಒಂದು ದಿನ ಮುಖನೂ ನೋಡು, ಪಾಪ ಬೇಜಾರು ಮಾಡ್ಕೊಳ್ಳುತ್ತೆ" ಅಂತ ರೇಗಿಸುತ್ತಾಳೆ.

ನಮ್ಮ ಬೆಟ್ಟಗಳಲ್ಲಿ ಯಾವ ತೊರೆಯ ಕಲ್ಲೆತ್ತಿದರೂ ಸಿಗುವ ಒಂದು ಜಾತಿಗೆ ಮೊಂಡು ಕೊಕ್ಕೆ. ಅದಕ್ಕೆ ನಲವತ್ತು ವರ್ಷದ ಹಿಂದೆ ನಮ್ಮ ಮ್ಯೂಸಿಯಂನ ದೊಡ್ಡ ಮೇಷ್ಟ್ರು ಹೆಸರಿಟ್ಟರು ಎಂದೇ ನಾವೆಲ್ಲ ತಿಳಿದಿದ್ದೆವು. ಅವರು ಒಂದೇ ಒಂದು ಗಂಡನ್ನು ನೋಡಿ ಅರ್ಧ ಪುಟ ಬರೆದು ಕೈತೊಳೆದುಕೊಂಡಿದ್ದರು. ಜೊತೆಗೆ ಬಿಡಿಸಿದ ಚಿತ್ರ ಹುಳದ್ದೋ ಬಾಚಣಿಗೆಯದ್ದೋ ದೇವರಿಗೇ ಗೊತ್ತು. ಆದ್ದರಿಂದ ಸಂಶಯ ಬಂದವರು ಅವರು ನೋಡಿದ ಆ ಒಂದೇ ಹುಳವನ್ನು, ಅಂದರೆ ಮೂಲ ಮಾದರಿಯನ್ನೇ ನೋಡಬೇಕು. ಅದು ನಮ್ಮ ಬೀರುವಿನಲ್ಲಿ, ಸ್ಪಿರಿಟ್ ತುಂಬಿದ ಸೀಸೆಯೊಳಗೆ, ಕೆಂಪು ಅಂಚಿನ ಚೀಟಿಯ ಜೊತೆ ಇದೆ. ನಾನು ಅದನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಮೊಂಡು ಕೊಕ್ಕೆಯೇ.

ಆರು ವರ್ಷದ ಹಿಂದೆ, ಎಲ್ಲಕ್ಕಿಂತ ಮೇಲಿನ ಒಂದು ತೊರೆಯಲ್ಲಿ ನನಗೆ ಬೇರೆಯದು ಸಿಕ್ಕಿತು. ಅದರ ಕೊಕ್ಕೆ ತುದಿಯಲ್ಲಿ ಎರಡಾಗಿ ಸೀಳಿತ್ತು. ಒಂದು ಸಿಕ್ಕರೆ ಹುಟ್ಟಿನ ದೋಷ ಅನ್ನಬಹುದು. ವರ್ಷ ವರ್ಷವೂ ಹತ್ತಿ, ಕೊರೆಯುವ ನೀರಿಗೆ ಕೈ ಹಾಕಿ, ಬೆರಳು ಮರಗಟ್ಟಿಸಿಕೊಂಡು ಹನ್ನೊಂದು ಗಂಡು ಹಿಡಿದೆ. ಎಲ್ಲದಕ್ಕೂ ಸೀಳು ಕೊಕ್ಕೆ. ರೆಕ್ಕೆ ಅಳೆದೆ, ಮೀಸೆಯ ಗೆಣ್ಣು ಎಣಿಸಿದೆ, ಕೊಕ್ಕೆಯನ್ನು ನಾಲ್ಕೂ ಕಡೆಯಿಂದ ಚಿತ್ರ ಬಿಡಿಸಿದೆ. ಹೊಸ ಜಾತಿ, ಅನುಮಾನವೇ ಇಲ್ಲ. ಅದಕ್ಕೆ ಅಪ್ಪನ ಹೆಸರಿಟ್ಟೆ.

ಅಪ್ಪ ಇದೇ ಮ್ಯೂಸಿಯಂನಲ್ಲಿ ಮೂವತ್ತೈದು ವರ್ಷ ಅಟೆಂಡರ್ ಆಗಿದ್ದವರು. ಒಣಗಿದ ಸೀಸೆಗಳಿಗೆ ಸ್ಪಿರಿಟ್ ತುಂಬುವುದು, ಮಾಸಿದ ಚೀಟಿಗಳನ್ನು ಹೊಸದಾಗಿ ಬರೆಯುವುದು ಅವರ ಕೆಲಸ. ಉಗುರಿನಷ್ಟು ಕಾಗದದಲ್ಲಿ ತೊರೆ, ಎತ್ತರ, ತಾರೀಕು, ಹಿಡಿದವರ ಹೆಸರು ಎಲ್ಲ ಹಿಡಿಸುತ್ತಿದ್ದರು. ಅದಕ್ಕೇ ಅವರಿಗೆ ಅಲ್ಲಿ ಮುತ್ತಿನಕ್ಷರ ಅಂತ ಅಡ್ಡಹೆಸರು. ಒಂದು ಸಲಕ್ಕೆ ಒಂದೇ ಸೀಸೆ ತೆರೆಯಬೇಕು, ಅದನ್ನು ಮುಚ್ಚಿದ ಮೇಲೆಯೇ ಇನ್ನೊಂದು ಎಂಬ ನಿಯಮವನ್ನು ನನಗೆ ಕಲಿಸಿದ್ದೂ ಅವರೇ. ಚೀಟಿ ತಪ್ಪಿದ ಹುಳ ಕಸಕ್ಕೆ ಸಮ ಅನ್ನುತ್ತಿದ್ದರು. ಅವರು ಜೋಡಿಸಿಟ್ಟ ಸೀಸೆಗಳ ಮೇಲೆ ದೊಡ್ಡ ದೊಡ್ಡವರೆಲ್ಲ ಪ್ರಬಂಧ ಬರೆದು ಮೆರೆದರು. ಒಬ್ಬನಾದರೂ ಕೊನೆಯ ಸಾಲಿನಲ್ಲಿ ಅವರ ಹೆಸರು ಹಾಕಲಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರಿಗೆ ಈಗ ಎಂಬತ್ತೆರಡು. ಹೆಸರಿಟ್ಟ ದಿನ ಸೀಳು ಕೊಕ್ಕೆಯ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಮಾತಾಡಲಿಲ್ಲ. ಸಂತೋಷಕ್ಕೆ ಗಂಟಲು ಕಟ್ಟಿದೆ ಅಂದುಕೊಂಡೆ. ಬೀದಿಯವರಿಗೆಲ್ಲ ಹೇಳಿಕೊಂಡು ಬಂದವಳು ನಾನೇ.

ಪ್ರಬಂಧ ಕಳಿಸಿದೆ. ಪತ್ರಿಕೆಯವರು ಅದನ್ನು ಒಬ್ಬ ತಜ್ಞರಿಗೆ ಓದಲು ಕೊಟ್ಟಿದ್ದರು. ಅವರು ಹೊಗಳಿ ಬರೆದು, ಕೊನೆಯಲ್ಲಿ ಒಂದೇ ಒಂದು ಸಣ್ಣ ಪ್ರಶ್ನೆ ಹಾಕಿದ್ದರು: ದೊಡ್ಡ ಮೇಷ್ಟ್ರ ಬರಹದಲ್ಲಿ ಮೂಲ ಮಾದರಿಗೆ ಎಡಗಡೆಯ ನಡುಗಾಲು ಇಲ್ಲ, ಹಿಡಿಯುವಾಗ ಕಳಚಿದೆ ಎಂದಿದೆ, ದಯವಿಟ್ಟು ಒಮ್ಮೆ ಖಚಿತಪಡಿಸಿ. ಎಂಥಾ ತಲೆಹರಟೆ ಅಂತ ಗೊಣಗಿಕೊಂಡೇ ಸೀಸೆ ತೆಗೆದೆ. ಆಮೇಲೆ ಆಗಿದ್ದನ್ನು ಆಗಲೇ ಹೇಳಿದೆ.

ಹೋದ ಕಾಲು ಸ್ಪಿರಿಟ್‌ನಲ್ಲಿ ಮತ್ತೆ ಹುಟ್ಟುವುದಿಲ್ಲ. ಇದು ಮೇಷ್ಟ್ರು ನೋಡಿದ ಹುಳ ಅಲ್ಲ. ಹಾಗಾದರೆ ಅದೆಲ್ಲಿ? ಅದೇ ಸಾಲಿನ ಸೀಸೆಗಳನ್ನು ಒಂದೊಂದಾಗಿ ತೆಗೆದೆ. ಎರಡನೆಯದರಲ್ಲೇ ಸಿಕ್ಕಿತು. 'ಗುರುತಿಸಿಲ್ಲ' ಎಂಬ ಚೀಟಿ. ಅದೇ ತೊರೆ, ಅದೇ ತಾರೀಕು, ಎಡಗಡೆಯ ನಡುಗಾಲಿಲ್ಲ. ಬಾಲದ ತುದಿಯಲ್ಲಿ ಸೀಳು ಕೊಕ್ಕೆ. ಎರಡೂ ಚೀಟಿಗಳಲ್ಲಿ ಅಪ್ಪನ ಮುತ್ತಿನಂಥ ಅಕ್ಷರ.

ಚೀಟಿಗಳು ಅದಲುಬದಲಾಗಿದ್ದವು. ಮೇಷ್ಟ್ರು ಹೆಸರಿಟ್ಟದ್ದು ಸೀಳು ಕೊಕ್ಕೆಗೆ. ನನ್ನ ಹೊಸ ಜಾತಿಗೆ ನಲವತ್ತು ವರ್ಷದಿಂದ ಹೆಸರಿದೆ, ಅದಕ್ಕೆ ಅಪ್ಪನ ಹೆಸರು ಇಡುವಂತಿಲ್ಲ. ಅದು ಸಾಲದು ಎಂಬಂತೆ, ಕಲ್ಲೆತ್ತಿದಲ್ಲೆಲ್ಲ ಸಿಗುವ ಮೊಂಡು ಕೊಕ್ಕೆಯ ಹುಳಕ್ಕೇ ಹೆಸರಿಲ್ಲ. ನನ್ನ ಮೂವತ್ತು ಪ್ರಬಂಧಗಳಲ್ಲಿ ನಾನು ಅದನ್ನು ಕರೆದದ್ದು ಬೇರೆ ಹುಳದ ಹೆಸರಿನಿಂದ. ಇದನ್ನೆಲ್ಲ ಅಚ್ಚು ಹಾಕಿಸಬೇಕಾದರೆ ಚೀಟಿ ಬದಲಾಯಿಸಿದ ಕೈ ಯಾರದ್ದು ಅಂತಲೂ ಬರೆಯಬೇಕು. ಜೀವಮಾನದಲ್ಲಿ ಅಪ್ಪನ ಹೆಸರು ಅಚ್ಚಾಗುವುದು ಒಂದೇ ಸಲ, ಅದೂ ತಪ್ಪುಗಾರ ಅಂತ.

ಚಿಟ್ಟೆಯವಳು ಊಟಕ್ಕೆ ಹೋಗಿದ್ದಳು. ಕೋಣೆಯಲ್ಲಿ ನಾನೊಬ್ಬಳೇ. ಚಿಮಟ ಕೈಯಲ್ಲೇ ಇತ್ತು. ಹಳೆಯ ಹುಳದ ಕಾಲು, ಮುಟ್ಟಿದರೆ ಸಾಕು. ಮೊಂಡು ಕೊಕ್ಕೆಯ ಹುಳದ ಎಡಗಡೆಯ ನಡುಗಾಲನ್ನು ಹಿಡಿದು ಎಳೆದೆ. ಬಂತು. ಇಷ್ಟೇ. ಕಿತ್ತ ಕಾಲನ್ನು ಎಸೆಯಲಾಗದೆ ಖಾಲಿ ಸೀಸೆಯೊಂದಕ್ಕೆ ಹಾಕಿ ಚೀಲದಲ್ಲಿಟ್ಟುಕೊಂಡೆ. ತಜ್ಞರಿಗೆ ಉತ್ತರ ಬರೆದೆ: ಮೂಲ ಮಾದರಿಗೆ ಎಡಗಡೆಯ ನಡುಗಾಲು ಇಲ್ಲ, ಖಚಿತಪಡಿಸಿದ್ದೇನೆ.

ಸಂಜೆ ಮನೆಗೆ ಹೋದಾಗ ಅಪ್ಪ ಕಿಟಕಿಯ ಪಕ್ಕ ಕೂತು ಪೇಪರ್ ಓದುತ್ತಿದ್ದರು.

"ಎಲ್ಲ ಮುಗೀತಪ್ಪ," ಅಂದೆ. "ಒಂದೇ ಒಂದು ಪ್ರಶ್ನೆ ಕೇಳಿದ್ರು, ಉತ್ತರ ಕಳಿಸಿಬಿಟ್ಟೆ. ಮುಂದಿನ ತಿಂಗಳು ಅಚ್ಚಾಗುತ್ತೆ."

"ಏನು ಕೇಳಿದ್ರು?"

"ಮೇಷ್ಟ್ರ ಹುಳಕ್ಕೆ ಒಂದು ಕಾಲು ಇರಲಿಲ್ವಂತೆ. ಅದೇ ಹುಳನಾ ನೋಡಿ ಹೇಳಿ ಅಂದ್ರು. ನೋಡಿದೆ. ಇಲ್ಲ."

ಅಪ್ಪ ಪೇಪರ್ ಮಡಚಿದರು. "ಏನಿಲ್ಲ?"

"ಎಡಗಡೆ ನಡುಗಾಲು."

"ಇದೆ," ಅಂದರು. "ಆರೂ ಇದೆ. ನಾನೇ ಎಣಿಸಿದ್ದೀನಿ."

ಅಪ್ಪ ನನ್ನ ಮುಖ ನೋಡದೆ, ನೆಲ ನೋಡಿಕೊಂಡು ಹೇಳತೊಡಗಿದರು. ಒಂದು ಮಧ್ಯಾಹ್ನ ನಾಲ್ಕು ಸೀಸೆ ಒಟ್ಟಿಗೆ ತೆರೆದರಂತೆ. ಚೀಟಿಗಳನ್ನು ಹೊರಗಿಟ್ಟು, ಸ್ಪಿರಿಟ್ ತುಂಬಿ, ನೆನಪಿನ ಮೇಲೆ ವಾಪಸ್ ಹಾಕಿದರಂತೆ.

"ಯಾಕಪ್ಪ? ಏನಾಗಿತ್ತು ಅವತ್ತು?"

"ಏನೂ ಆಗಿರಲಿಲ್ಲ. ಬೇಜಾರಾಗಿತ್ತು, ಅಷ್ಟೇ. ಎರಡು ವರ್ಷ ಆದ್ಮೇಲೆ ಪಟ್ಟಿ ಬರೀವಾಗ ಕಾಲಿನ ವಿಷಯ ಓದಿದೆ. ಹೋಗಿ ಎಣಿಸಿದೆ. ಅಷ್ಟೊತ್ತಿಗೆ ಮೇಷ್ಟ್ರು ತೀರಿಕೊಂಡಿದ್ರು. ಯಾರ ಹತ್ರ ಹೇಳಲಿ? ಇವತ್ತಲ್ಲ ನಾಳೆ ಯಾರಾದ್ರೂ ಎಣಿಸ್ತಾರೆ ಅಂತ ಕಾದೆ. ಒಬ್ಬರೂ ಎಣಿಸಲಿಲ್ಲ. ನೀನೂ ಎಣಿಸಲಿಲ್ಲ."

"ನನ್ನ ಚಿತ್ರ ನೋಡಿದಾಗಲೇ ನಿಮಗೆ ಗೊತ್ತಾಯ್ತಾ?"

"ಗೊತ್ತಾಯ್ತು. ನನ್ನ ಹೆಸರಿಟ್ಟಿದ್ದೀನಿ ಅಂದೆಯಲ್ಲ, ಬಾಯಿ ಬರಲಿಲ್ಲ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಆ ಪ್ರಬಂಧ ಬರೆಯುವುದನ್ನು ದಿನಾ ಪಕ್ಕದಲ್ಲೇ ಕೂತು ನೋಡಿ ಸುಮ್ಮನಿದ್ದರು. ಕೂಗಾಡಿಬಿಡಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ತಲೆಯೆತ್ತಿ ಕೇಳಿದರು.

"ಮತ್ತೆ ಆ ಕಾಲು ಯಾವಾಗ ಹೋಯ್ತು?"

ಚೀಲದಿಂದ ಸೀಸೆ ತೆಗೆದು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು. ಕೂದಲಿನ ತುಂಡಿನಂಥ ಕಾಲು ತಳದಲ್ಲಿ ಬಿದ್ದಿತ್ತು. ಅಪ್ಪ ಅಷ್ಟು ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಾನೂ ಚಿಮಟ ಹಿಡ್ಕೊಂಡು ಕೂತಿದ್ದೆ," ಅಂದರು. "ಕೈ ಬರಲಿಲ್ಲ. ನಿನಗೆ ಹೇಗೆ ಬಂತು?"

"ನಿಮಗೋಸ್ಕರ!" ಅಂತ ಕಿರುಚಿದೆ. ಕಿರುಚಿದ ಮೇಲೆ ನಾಚಿಕೆಯಾಯಿತು. ಅವರು ಕೇಳಿದ್ದು ಯಾರಿಗೋಸ್ಕರ ಅಂತ ಅಲ್ಲ.

ಮರುದಿನ ಬೆಳಿಗ್ಗೆ ನಾನು ಪತ್ರಿಕೆಗೆ ಬರೆಯಲು ಕೂತಾಗ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. "ಹುಳಕ್ಕೆ ಮೊದಲು ಇಟ್ಟ ಹೆಸರೇ ನಿಲ್ಲೋದು ಅಂತೀರಲ್ಲ ನೀವು," ಅಂದರು. "ತಪ್ಪು ಮೊದಲು ಮಾಡಿದ್ದು ನಾನು. ನನ್ನ ಹೆಸರು ಹಾಕು." ಹಾಕಿದೆ. ಇನಿಷಿಯಲ್ ಸರಿಯಾಗಿದೆಯಾ ಅಂತ ಬಗ್ಗಿ ನೋಡಿದರು. ಪ್ರಬಂಧ ವಾಪಸ್ ಪಡೆಯುತ್ತಿದ್ದೇನೆ, ಸೀಳು ಕೊಕ್ಕೆ ಹೊಸ ಜಾತಿಯಲ್ಲ, ನಾಲ್ಕು ದಶಕದಿಂದ ನಾವೆಲ್ಲ ತಪ್ಪು ಹುಳವನ್ನು ಆ ಹೆಸರಿನಿಂದ ಕರೆದಿದ್ದೇವೆ ಎಂದು ಬರೆದೆ. ಆಮೇಲೆ ಬರೆದೆ: ಮಾದರಿಯ ಕಾಲನ್ನು ನಿನ್ನೆ ನಾನೇ, ಬೇಕೆಂದೇ ಕಿತ್ತೆ.

ಅಪ್ಪ ತಟ್ಟನೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅದು ಬೇಡ ಮಗಳೇ. ಕಾಲೂ ನಾನೇ ಕಿತ್ತೆ ಅಂತ ಹಾಕು. ನನಗೇನು ಈ ವಯಸ್ಸಲ್ಲಿ? ನಿನ್ನ ಕೆಲಸ ಹೋಗುತ್ತೆ."

"ಅಪ್ಪ," ಅಂದೆ, "ಇನ್ನೊಂದು ತಪ್ಪು ಚೀಟಿ ಬರೀಬೇಕಾ?"

ಅವರು ನನ್ನನ್ನೇ ನೋಡಿದರು. ಹಿಡಿತ ಸಡಿಲವಾಗಲು ಬಹಳ ಹೊತ್ತು ಹಿಡಿಯಿತು. ಅವರು ಕೈ ಬಿಟ್ಟ ಮೇಲೆ ನಾನು ಪತ್ರ ಕಳಿಸಿದೆ.